ನಾಯಿಗೆ ಕಾಮಾಲೆ ಔಷಧಿ ಕೇಳಿಕೊಂಡು ಬರುವವರಿಗೆ

ಮಧುಗಿರಿಯಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಮನುಷ್ಯರ ಔಷಧಿ ಅಂಗಡಿ. ಆದರೂ ಕಡ್ಲೆಕಾಯಿ ಕೀಳುವ ಕಾಲ ಬಂತು ಅಂದ್ರೆ ನಾಯಿ ಬೆಕ್ಕಿನ ವಿಚಾರ ಹಿಡಿದುಕೊಂಡು ಬರುವವರು ಜಾಸ್ತಿಯಾಗುತ್ತಾರೆ. "ಅಕ್ಕಾ, ನಾಯಿ ಕಣ್ಣು ಹಳದಿ ಆಗಿದೆ, ಒಳ್ಳೇ ಲಿವರ್ ಟಾನಿಕ್ ಇದ್ರೆ ಕೊಡಿ." "ಮೇಡಂ, ಬೆಕ್ಕಿಗೆ ಮೈ ಸುಡ್ತಿದೆ, ಡೋಲೋ ಅರ್ಧ ಹಾಕ್ಲಾ, ಕಾಲು ಹಾಕ್ಲಾ?" ಇನ್ನು ಕೆಲವರು ಕೇಳುವುದೇ ಇಲ್ಲ. ಮಾತ್ರೆ ಹಾಕಿ ಆದಮೇಲೆ ಬಂದು ಹೇಳುತ್ತಾರೆ.

ನಾನು ಓದಿರುವುದು ಡಿ.ಫಾರ್ಮಾ. ಪಶುವೈದ್ಯೆ ಅಲ್ಲ. ನಾಯಿಗೆ ಚೀಟಿ ಬರೆಯುವ ಅಧಿಕಾರ ನನಗಿಲ್ಲ, ಮನುಷ್ಯರಿಗೂ ಇಲ್ಲ ಬಿಡಿ. ಆದರೆ ಕೌಂಟರಿನ ಈಚೆ ನಿಂತು ನೋಡಿದ್ದಿದೆ. ಅಣ್ಣನ ಹೊಲದ ನಾಯಿಯನ್ನು ಕರೆದುಕೊಂಡು ಆಸ್ಪತ್ರೆ ಸುತ್ತಿದ್ದಿದೆ. ಡಾಕ್ಟರ ತಲೆ ತಿಂದು ಕೇಳಿ ತಿಳಿದುಕೊಂಡದ್ದೂ ಇದೆ. ದಿನಾ ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮೊದಲ ಮಾತು ಇಷ್ಟೇ. ಹಳದಿ ಕಾಣುವವರೆಗೆ ಕಾಯಬೇಡಿ. ಅದಕ್ಕೂ ಮುಂಚೆ ಹೊರಡಿ. ಅದೂ ನನ್ನ ಅಂಗಡಿಗಲ್ಲ, ಪಶು ಆಸ್ಪತ್ರೆಗೆ.

ರಕ್ತದಲ್ಲಿ ಹಳೆಯ ಕೆಂಪು ಕಣಗಳು ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಹಿಡಿದು ಪಿತ್ತದ ಜೊತೆ ಕರುಳಿಗೆ ಸಾಗಿಸುತ್ತದೆ. ಲಿವರ್‌ಗೆ ಅದು ಕೈಲಾಗದಾಗ ರಕ್ತದಲ್ಲಿ ಉಳಿಯುತ್ತದೆ. ರಕ್ತದಲ್ಲಿ ಅದರ ಪ್ರಮಾಣ 100 ಎಂಎಲ್‌ಗೆ ಸುಮಾರು 2 ಮಿಲಿಗ್ರಾಂ ದಾಟುವವರೆಗೆ ಕಣ್ಣಿಗೆ ಹಳದಿ ಕಾಣುವುದಿಲ್ಲ. ಅಷ್ಟರಲ್ಲಿ ಒಳಗೆ ಬಹಳ ಆಗಿಹೋಗಿರುತ್ತದೆ. ಅದಕ್ಕೂ ಮೊದಲು ಏನು ಕಾಣುತ್ತದೆ ಅಂದ್ರೆ, ಏನೂ ವಿಶೇಷ ಕಾಣುವುದಿಲ್ಲ. ಅದೇ ಕಷ್ಟ. ಊಟ ಬಿಡುತ್ತದೆ. ವಾಂತಿ ಮಾಡುತ್ತದೆ. ಮೂಲೆಯಲ್ಲಿ ಸುಮ್ನೆ ಮಲಗುತ್ತದೆ. ನೀರು ಜಾಸ್ತಿ ಕುಡಿಯಬಹುದು. ಮೂತ್ರ ಗಾಢವಾಗುತ್ತದೆ, ಸಿಮೆಂಟ್ ನೆಲದ ಮೇಲೆ ಹೋದರೆ ಅರಿಶಿನದ ಕಲೆ ಬಿಟ್ಟಂತೆ ಕಾಣುತ್ತದೆ. ನಾಯಿಗಳಲ್ಲಿ ಕಣ್ಣಿಗಿಂತ ಮುಂಚೆ ಮೂತ್ರದಲ್ಲೇ ಗೊತ್ತಾಗುತ್ತದೆ. ಆದರೆ ಹೊಲದ ನಾಯಿ ಎಲ್ಲಿ ಕಾಲೆತ್ತಿತು ಅಂತ ನೋಡೋರು ಯಾರು?

ಇನ್ನೊಂದು ವಿಷಯ. ನಮ್ಮ ಕಡೆ ಹಳದಿ ಕಂಡರೆ ಕಾಮಾಲೆ, ಕಾಮಾಲೆ ಅಂದ್ರೆ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾಟಿ ಔಷಧಿ. ನಾನು ಚಿಕ್ಕವಳಿದ್ದಾಗ ನನಗೂ ಅಜ್ಜಿ ಕಿರುನೆಲ್ಲಿ ಅರೆದು ಹಾಲಲ್ಲಿ ಕೊಟ್ಟಿದ್ದರು. ವಾಸಿಯೂ ಆಯಿತು. ಮಕ್ಕಳಿಗೆ ನೀರಿನಿಂದ ಬರುವ ಕಾಮಾಲೆ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ ಅಂತ ಆಮೇಲೆ ಓದಿದೆ. ಹಾಗಂತ ಅಜ್ಜಿ ಮುಂದೆ ಹೇಳುವ ಧೈರ್ಯ ಯಾರಿಗಿತ್ತು! ಆದರೆ ನಾಯಿಗೆ ಬರುವ ಹಳದಿ ಆ ಜಾತಿಯದ್ದಲ್ಲ. ಉಣ್ಣೆ ಕಚ್ಚಿ ಬರುವ ಬಬೇಸಿಯಾ ರೋಗದಲ್ಲಿ ಕೆಂಪು ಕಣಗಳೇ ಸಿಕ್ಕಾಪಟ್ಟೆ ಒಡೆಯುತ್ತವೆ. ಅಲ್ಲೂ ಹಳದಿ ಬರುತ್ತದೆ, ಆದರೆ ಲಿವರ್ ಕೆಟ್ಟಿದೆ ಅಂತಲ್ಲ. ವಸಡು ಬಿಳಿಚಿಕೊಂಡಿರುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಪಿತ್ತನಾಳ ಕಟ್ಟಿಕೊಂಡರೂ ಹಳದಿಯೇ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಎಲ್ಲಕ್ಕೂ ಒಂದೇ ಸೊಪ್ಪು ಅರೆದು ಹಾಕಿದರೆ ಏನು ಬಂತು? ಹಣೆಗೆ ಬರೆ ಹಾಕಿಸಿಕೊಂಡು ಬಂದ ನಾಯಿಯನ್ನೂ ನೋಡಿದ್ದೇನೆ. ಅದರ ಬಗ್ಗೆ ಬರೆಯಲು ಕೂತರೆ ಸಿಟ್ಟು ಬರುತ್ತದೆ, ಬಿಡಿ.

ಈಗ ಬೀರನ ಕತೆ.

ಅಣ್ಣನ ಹೊಲ ಪಾವಗಡದ ದಾರಿಯಲ್ಲಿ, ಮಿಡಿಗೇಶಿ ಹತ್ತಿರ. ಮಳೆ ನಂಬಿ ಕಡ್ಲೆಕಾಯಿ ಹಾಕುವ ಜಮೀನು. ಅಲ್ಲಿ ಎರಡು ನಾಯಿ. ಬೀರ ನಾಲ್ಕು ವರ್ಷದ ಕಂದು ನಾಟಿ ನಾಯಿ. ಇನ್ನೊಂದು ಮುದುಕಿ, ಹಲ್ಲೆಲ್ಲ ಉದುರಿದೆ, ಮುದ್ದೆ ಸಾರಲ್ಲಿ ಅದ್ದಿ ಕೊಟ್ಟರೆ ಮಾತ್ರ ತಿನ್ನುತ್ತದೆ. ಆ ವರ್ಷ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟಿತು. ಕಿತ್ತು ಬಳ್ಳಿ ಹರಡಿದ ಮೇಲೆ ಸುರಿಯಿತು. ನಮ್ಮ ತಾಲ್ಲೂಕಿನ ಮಳೆಗೆ ಈ ಬುದ್ಧಿ ಹೊಸದಲ್ಲ. ಒಳ್ಳೆಯ ಕಾಯಿ ಬಿಡಿಸಿ ಮೂಟೆ ಕಟ್ಟಿದ್ದಾಯಿತು. ಕಪ್ಪಾದದ್ದು, ಒಡೆದದ್ದು, ಬೂಷ್ಟು ಹಿಡಿದದ್ದು ಎಲ್ಲ ಕಣದ ಮೂಲೆಯಲ್ಲಿ ಗುಡ್ಡೆ ಬಿತ್ತು. ಎಲ್ಲರ ಕಣದಲ್ಲೂ ಹಾಗೇ ಬೀಳುತ್ತದೆ. ಬೀರನಿಗೆ ಕಡ್ಲೆಕಾಯಿ ಅಂದ್ರೆ ಪ್ರಾಣ. ಎರಡು ಮುಂಗಾಲಲ್ಲಿ ಕಾಯಿ ಅದುಮಿ ಹಿಡಿದು, ಸಿಪ್ಪೆ ಒಡೆದು, ಬೀಜ ಮಾತ್ರ ತಿಂದು ಸಿಪ್ಪೆ ಉಗುಳುತ್ತಾನೆ. ನೋಡಲು ತಮಾಷೆ. ಅತ್ತಿಗೆ ಅದನ್ನು ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ದೂ ಉಂಟು.

ಕೆಲವು ದಿನ ಹೋದಮೇಲೆ ಊಟ ಬಿಟ್ಟ. ಹಳದಿ ನೊರೆ ವಾಂತಿ. ಅಣ್ಣ ಹುಲ್ಲು ತಿಂದಿರಬೇಕು ಅಂದುಕೊಂಡ. ನಾಯಿ ಒಂದು ಹೊತ್ತು ಊಟ ಬಿಟ್ಟರೆ ಹಳ್ಳಿಯಲ್ಲಿ ಯಾರಿಗೆ ಯೋಚನೆ? ಮರುದಿನ ಸಂಜೆ ಫೋನ್ ಬಂತು. ನಾನು ಹೋಗಿ ನೋಡಿದಾಗ ಕಣ್ಣಲ್ಲಿ ಹಳದಿ ಇದೆಯೋ ಇಲ್ಲವೋ ಹೇಳುವುದೇ ಕಷ್ಟವಾಗಿತ್ತು, ಬಲ್ಬಿನ ಬೆಳಕು ಬೇರೆ. ಕಿವಿ ಮಗುಚಿ ಮೊಬೈಲ್ ಟಾರ್ಚ್ ಹಾಕಿದೆ. ಕಿವಿಯ ಒಳಬದಿ, ಕೂದಲಿಲ್ಲದ ಆ ತೆಳ್ಳನೆ ಚರ್ಮ, ಪೂರ್ತಿ ಹಳದಿ. ತೊಡೆಸಂದಿಯಲ್ಲೂ ಹಾಗೇ. ಮುದುಕಿಯ ಕಿವಿ ಮಗುಚಿ ನೋಡಿದೆ, ಮಾಮೂಲಿ ಗುಲಾಬಿ. ನಾಟಿ ನಾಯಿಗಳ ವಸಡು ಎಷ್ಟೋ ಸಲ ಕಪ್ಪಿರುತ್ತದೆ, ಅಲ್ಲಿ ಬಣ್ಣ ತಿಳಿಯುವುದಿಲ್ಲ. ಅದಕ್ಕೇ ಕಿವಿ ನೋಡಿ ಅನ್ನುತ್ತೇನೆ. ಹಗಲು ಬೆಳಕಲ್ಲಿ ನೋಡಿದರೆ ಇನ್ನೂ ಒಳ್ಳೇದು.

ಬೆಳಿಗ್ಗೆ ತಾಲ್ಲೂಕು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು, ಉಣ್ಣೆ ಹುಡುಕಿದರು. ರಕ್ತ ತೆಗೆದುಕೊಂಡು ನೀವೇ ಲ್ಯಾಬಿಗೆ ಕೊಡಿ ಅಂದರು. ನಾಯಿಯ ರಕ್ತಕ್ಕೆ ಪ್ರತ್ಯೇಕ ಲ್ಯಾಬ್ ನಮ್ಮೂರಲ್ಲಿ ಎಲ್ಲಿದೆ? ನಮ್ಮ ಬೀದಿಯ ಮನುಷ್ಯರ ಲ್ಯಾಬಿಗೇ ಕೊಟ್ಟೆವು. ರಿಪೋರ್ಟ್ ಬಂತು. ಹೆಸರು ಮಾಸ್ಟರ್ ಬೀರ, ವಯಸ್ಸು 4, ಲಿಂಗ ಗಂಡು. ಆ ಹೊತ್ತಲ್ಲೂ ನಗು ಬಂತು. ಆದರೆ ಒಂದು ಎಚ್ಚರ ಬೇಕು. ಪಕ್ಕದಲ್ಲಿ ಅಚ್ಚಾಗಿರುವ ಸಹಜ ಮಿತಿ ಮನುಷ್ಯರದ್ದು, ನಾಯಿಯದ್ದಲ್ಲ. ಲಿವರ್ ಕಿಣ್ವ, ಬಿಲಿರುಬಿನ್ ಇವುಗಳ ಅಂಕಿ ಉಪಯೋಗಕ್ಕೆ ಬರುತ್ತವೆ. ರಕ್ತಕಣ ಎಣಿಸುವ ಯಂತ್ರ ಮಾತ್ರ ಮನುಷ್ಯರ ಕಣದ ಗಾತ್ರಕ್ಕೆ ಹೊಂದಿಸಿರುವುದು. ಅದು ಪ್ರಾಣಿಗಳ ರಕ್ತಕ್ಕೆ, ಅದರಲ್ಲೂ ಬೆಕ್ಕಿನ ಪ್ಲೇಟ್‌ಲೆಟ್‌ಗೆ, ತಪ್ಪು ಲೆಕ್ಕ ಕೊಡುತ್ತದೆ. ಅದಕ್ಕೆ ಡಾಕ್ಟರು ಒಂದು ಹನಿ ರಕ್ತ ಗಾಜಿನ ಮೇಲೆ ಎಳೆದು ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಬೇಸಿಯಾ ಕಾಣಲಿಲ್ಲ.

ಬೀರನ ಎಎಲ್‌ಟಿ ಅನ್ನೋ ಲಿವರ್ ಕಿಣ್ವ 900 ಚಿಲ್ಲರೆ. ನಾಯಿಗಳಲ್ಲಿ ಸಾಮಾನ್ಯವಾಗಿ 100ರ ಒಳಗಿರುತ್ತದೆ. ಬಿಲಿರುಬಿನ್ 5ರ ಹತ್ತಿರ. ಸಕ್ಕರೆ ಕಡಿಮೆ. ನಾನು ಎಎಲ್‌ಟಿ ನೋಡಿ ಗಾಬರಿಯಾದರೆ ಡಾಕ್ಟರು ಅದನ್ನು ಬಿಟ್ಟು ಸಕ್ಕರೆ, ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಮತ್ತು ರಕ್ತ ಹೆಪ್ಪುಗಟ್ಟುವ ಸಮಯದ ಬಗ್ಗೆ ಕೇಳಿದರು. ಯಾಕೆ ಅಂತ ಆಮೇಲೆ ಬಿಡಿಸಿ ಹೇಳಿದರು. ಎಎಲ್‌ಟಿ ಅನ್ನೋದು ಲಿವರ್ ಕೋಶದ ಒಳಗಿರುವ ಕಿಣ್ವ. ಕೋಶ ಹರಿದರೆ ರಕ್ತಕ್ಕೆ ಸೋರುತ್ತದೆ. ಮೂಟೆ ಹರಿದಾಗ ಕಾಳು ಸುರಿಯುವ ಹಾಗೆ. ಎಷ್ಟು ಸುರಿದಿದೆ ಅನ್ನೋದರಿಂದ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ. ಸುರಿಯೋದು ನಿಂತಿತು ಅಂದ್ರೆ ಹರುಕು ಮುಚ್ಚಿರಬಹುದು, ಇಲ್ಲಾ ಮೂಟೆ ಖಾಲಿಯಾಗಿರಬಹುದು. ನಾಯಿ ಸೊರಗುತ್ತಾ ಹೋಗಿ ಎಎಲ್‌ಟಿ ಮಾತ್ರ ಸರ್ರನೆ ಇಳಿದರೆ ಅದು ಒಳ್ಳೆಯ ಸುದ್ದಿಯಲ್ಲ. ಸಕ್ಕರೆ ಕಾಪಾಡುವುದು, ಆಲ್ಬುಮಿನ್ ತಯಾರಿಸುವುದು, ರಕ್ತ ಹೆಪ್ಪುಗಟ್ಟಿಸುವ ಅಂಶ ಮಾಡುವುದು, ಇವು ಲಿವರ್‌ನ ನಿಜವಾದ ಕೆಲಸ. ಆ ಕೆಲಸ ನಡೆಯುತ್ತಿದೆಯಾ ಅಂತ ನೋಡಬೇಕು.

ಹೆಪ್ಪುಗಟ್ಟುವ ವಿಚಾರ ನನ್ನ ಕಣ್ಣೆದುರೇ ನಡೆಯಿತು. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿ ತೆಗೆದ ಜಾಗ. ಹತ್ತಿ ಒತ್ತಿ ಹಿಡಿದರೂ ರಕ್ತ ಜಿನುಗುತ್ತಲೇ ಇತ್ತು. ಹತ್ತಿ ಬದಲಾಯಿಸಿದೆ, ಅದೂ ಕೆಂಪಾಯಿತು. ಕಾಲು ಎತ್ತಿ ಹಿಡಿದುಕೊಂಡೇ ಕೂತೆ. ಹೊಟ್ಟೆಯ ಚರ್ಮದ ಮೇಲೆ ನಾಣ್ಯದಗಲ ಎರಡು ನೀಲಿ ಮಚ್ಚೆ ಮೂಡಿದ್ದವು. ಎಲ್ಲೂ ಪೆಟ್ಟು ಬಿದ್ದಿರಲಿಲ್ಲ. ಡಾಕ್ಟರು ಕೂಡಲೇ ವಿಟಮಿನ್ ಕೆ ಇಂಜೆಕ್ಷನ್ ಹಾಕಿದರು. ಮಲ ಟಾರಿನಂತೆ ಕಪ್ಪಾದರೆ ಒಳಗೆ ರಕ್ತ ಹೋಗುತ್ತಿದೆ ಅಂತ ಅರ್ಥ, ಆಗ ರಾತ್ರಿಯಾದರೂ ಸರಿ ಬೆಂಗಳೂರಿಗೆ ಹೊರಡಿ ಅಂತಲೂ ಹೇಳಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಅಲ್ಲಿನ ಆಸ್ಪತ್ರೆಯೇ ನಮ್ಮಂಥವರಿಗೆ ಕೊನೆಯ ಬಾಗಿಲು. ಇಲ್ಲಿಂದ ನೂರು ಕಿಲೋಮೀಟರ್ ಮೇಲಾಗುತ್ತದೆ. ಕಾಯಿಲೆ ನಾಯಿಯನ್ನು ಬಸ್ಸಲ್ಲಿ ಕರೆದುಕೊಂಡು ಹೋಗುವುದು ಕಷ್ಟ, ಬಾಡಿಗೆ ಕಾರಿನವನು ಸೀಟ್ ಹಾಳಾಗುತ್ತೆ ಅಂತಾನೆ. ಕೊನೆಗೆ ತುಮಕೂರಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಡ್ರಿಪ್ ಹಾಕಿಸಿದೆವು. ಅಲ್ಲಿಗೇ ಸುಧಾರಿಸಿತು, ಹೆಬ್ಬಾಳ ತಪ್ಪಿತು.

ಕಾರಣ ಏನು ಅಂತ ಇಬ್ಬರೂ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಏನು ತಿಂದಿದೆ?" ಮಾತ್ರೆ ಹಾಕಿದ್ದೀರಾ, ಇಲಿ ಪಾಷಾಣ ಇಟ್ಟಿದ್ದೀರಾ, ಅಣಬೆ ಏನಾದರೂ ತಿಂದಿದೆಯಾ? ಕಡ್ಲೆಕಾಯಿ ಗುಡ್ಡೆಯ ಮಾತು ಬಂದಾಗ ತುಮಕೂರಿನ ಡಾಕ್ಟರು ಪೆನ್ನು ಕೆಳಗಿಟ್ಟರು. ಅಫ್ಲಾಟಾಕ್ಸಿನ್ ಇರಬಹುದು ಅಂದರು. ಲ್ಯಾಬಲ್ಲಿ ವಿಷ ಪರೀಕ್ಷೆ ಮಾಡಿ ಸಾಬೀತು ಮಾಡಿದ್ದೇನಲ್ಲ. ಇಲಿ ಜ್ವರದ ಪರೀಕ್ಷೆ ನೆಗೆಟಿವ್ ಬಂತು, ರಕ್ತದಲ್ಲಿ ಪರಾವಲಂಬಿ ಇಲ್ಲ, ಮಾತ್ರೆ ಯಾರೂ ಹಾಕಿಲ್ಲ. ಅದೇ ಮನೆಯ ಅದೇ ಮುದ್ದೆ ತಿಂದ ಮುದುಕಿ ಚೆನ್ನಾಗಿದ್ದಾಳೆ, ಯಾಕಂದ್ರೆ ಅವಳಿಗೆ ಕಡ್ಲೆಕಾಯಿ ಒಡೆಯಲು ಹಲ್ಲಿಲ್ಲ. ನನಗಂತೂ ಆ ಹಲ್ಲಿಲ್ಲದ ಬಾಯಿಯೇ ದೊಡ್ಡ ಸಾಕ್ಷಿ ಅನ್ನಿಸಿತು.

ಈ ಅಫ್ಲಾಟಾಕ್ಸಿನ್ ವಿಚಾರ ಓದುತ್ತಾ ಹೋದರೆ ನಿದ್ದೆ ಬರುವುದಿಲ್ಲ. ಆಸ್ಪರ್ಜಿಲಸ್ ಅನ್ನೋ ಬೂಷ್ಟು ಬಿಡುವ ವಿಷ ಇದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತಾ ಹೋದರೆ ಬ್ರೆಜಿಲ್‌ನಿಂದ ತರಿಸಿದ ಕಡ್ಲೆಕಾಯಿ ಹಿಂಡಿ ಸಿಕ್ಕಿತು. ಆಮೇಲೆ ನಮ್ಮ ದೇಶದ್ದೇ ಒಂದು ಘಟನೆ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಮೆಕ್ಕೆಜೋಳ ತಿಂದು ಜನಕ್ಕೆ ಕಾಮಾಲೆ ಬಂತು, ಹೊಟ್ಟೆ ನೀರು ತುಂಬಿ ಊದಿತು. ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಮನೆಗಳಲ್ಲಿ ಅದೇ ರೊಟ್ಟಿ ತಿಂದ ನಾಯಿಗಳಿಗೂ ಅದೇ ರೋಗ. ಅಮೆರಿಕದಂಥ ಕಡೆಯೂ ತಪ್ಪಿಲ್ಲ. 2020ರ ಕೊನೆಯಲ್ಲಿ ಅಲ್ಲಿ ಒಂದು ನಾಯಿ ಆಹಾರದಲ್ಲಿ ಇದು ಸೇರಿ ನೂರಕ್ಕೂ ಹೆಚ್ಚು ನಾಯಿಗಳು ಸತ್ತವು. ಅಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆ ಇಟ್ಟಿರುವ ಮಿತಿ ಹತ್ತು ಲಕ್ಷ ಭಾಗದಲ್ಲಿ 20 ಅಲ್ಲ, ನೂರು ಕೋಟಿಗೆ ಬರೀ 20 ಭಾಗ ಅಂತ ಎರಡು ಸಲ ಓದಿಕೊಂಡೆ. ಅಂದ್ರೆ ಒಂದು ಟನ್ ಆಹಾರದಲ್ಲಿ 20 ಮಿಲಿಗ್ರಾಂ. ಕಣ್ಣಿಗೆ ಕಾಣುವಷ್ಟೂ ಇಲ್ಲ.

ಬೇಯಿಸಿದರೆ ಹೋಗುತ್ತೆ ಅಲ್ವಾ ಅಂತ ಅತ್ತಿಗೆ ಕೇಳಿದರು. ಹೋಗುವುದಿಲ್ಲ. ಅಡುಗೆ ಬೆಂಕಿಗೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಮೇಲಿನ ಹಸಿರು ಒರೆಸಿದರೂ ಉಳಿಯುತ್ತದೆ. ಗಾಣಕ್ಕೆ ಹಾಕಿದರೆ ಹೆಚ್ಚಿನ ಪಾಲು ಹಿಂಡಿಯಲ್ಲಿ ಸೇರಿಕೊಳ್ಳುತ್ತದೆ. ಆ ಹಿಂಡಿ ಹಸುವಿಗೆ ಹೋದರೆ ಸ್ವಲ್ಪ ರೂಪ ಬದಲಾಗಿ ಹಾಲಿಗೂ ಬರುತ್ತದೆ. ಹಸು ತಡೆದುಕೊಳ್ಳುವಷ್ಟು ನಾಯಿ ತಡೆದುಕೊಳ್ಳುವುದಿಲ್ಲ. ಮಳೆಯಲ್ಲಿ ನೆಂದರೆ ಮಾತ್ರ ಬೂಷ್ಟು ಅಂತ ನಾನೂ ತಿಳಿದಿದ್ದೆ. ಅಷ್ಟೇ ಅಲ್ಲವಂತೆ. ಕಾಯಿ ಬಲಿಯುವಾಗ ಮಳೆ ಇಲ್ಲದೆ ನೆಲ ಕಾದರೆ ಮಣ್ಣೊಳಗೇ ಬೂಷ್ಟು ಕಾಯಿಗೆ ಹತ್ತುತ್ತದೆ. ಪಾವಗಡ, ಶಿರಾ, ಮಧುಗಿರಿ ಕಡೆ ಎರಡೂ ಕಾಟ ಇದೆ, ಕೆಲವೊಮ್ಮೆ ಒಂದೇ ವರ್ಷ.

ಚಿಕಿತ್ಸೆಯ ವಿಷಯ. ಇದಕ್ಕೆ ಅಂತಲೇ ಒಂದು ಪ್ರತಿವಿಷ ಇಲ್ಲ. ಲಿವರ್‌ಗೆ ತಾನೇ ಮತ್ತೆ ಬೆಳೆಯುವ ಶಕ್ತಿ ಇದೆ, ಮೂರನೇ ಎರಡು ಭಾಗ ಕತ್ತರಿಸಿ ತೆಗೆದರೂ ಉಳಿದದ್ದು ಬೆಳೆದು ಜಾಗ ತುಂಬುತ್ತದೆ. ಅದು ಬೆಳೆಯುವವರೆಗೆ ನಾಯಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಡ್ರಿಪ್, ಅದರಲ್ಲಿ ಡೆಕ್ಸ್‌ಟ್ರೋಸ್ ಅನ್ನೋ ಸಕ್ಕರೆ, ವಾಂತಿ ನಿಲ್ಲಿಸಲು ಇಂಜೆಕ್ಷನ್, ವಿಟಮಿನ್ ಕೆ, ಎನ್-ಅಸಿಟೈಲ್‌ಸಿಸ್ಟೀನ್. ಈ ಕೊನೆಯದು ನಮ್ಮ ಅಂಗಡಿಯಲ್ಲಿ ಕಫ ಕರಗಿಸಲು ನೀರಲ್ಲಿ ಬುಸ್ ಅನ್ನೋ ಮಾತ್ರೆಯಾಗಿ ಹೋಗುತ್ತದೆ. ಮನೆಗೆ ಬಂದಮೇಲೆ ಲಿವರ್‌ಗೆ ಆಸರೆಯಾಗಿ ಮೂರು ಔಷಧಿ: ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್, ಸಿಲಿಮಾರಿನ್, ಎಸ್-ಅಡೆನೋಸಿಲ್ ಮೆಥಿಯೋನಿನ್. ಮೂರನೆಯದನ್ನು ಖಾಲಿ ಹೊಟ್ಟೆಗೆ, ಮುರಿಯದೆ ಕೊಡಬೇಕು. ಮುದ್ದೆಯಲ್ಲಿ ಪುಡಿ ಮಾಡಿ ಹಾಕಿದರೆ ದುಡ್ಡು ದಂಡ.

ಚೀಟಿಯಲ್ಲಿ ಲ್ಯಾಕ್ಟುಲೋಸ್ ಕಂಡಾಗ ನನಗೆ ಆಶ್ಚರ್ಯ. ಮಲಬದ್ಧತೆಗೆ ಅಜ್ಜಂದಿರು ತೆಗೆದುಕೊಂಡು ಹೋಗುವ ಸಿರಪ್ ಅದು. ಲಿವರ್ ಸೋತಾಗ ಕರುಳಿನ ಅಮೋನಿಯಾ ರಕ್ತಕ್ಕೆ ಸೇರಿ ತಲೆಗೇರುತ್ತದೆ. ನಾಯಿ ಸುಮ್ನೆ ಒಂದೇ ಕಡೆ ಸುತ್ತುತ್ತದೆ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ, ಕರೆದರೆ ಗುರುತು ಹಿಡಿಯುವುದಿಲ್ಲ. ಬೆಕ್ಕಾದರೆ ಜೊಲ್ಲು ಸುರಿಸುತ್ತದೆ. ಲ್ಯಾಕ್ಟುಲೋಸ್ ಆ ಅಮೋನಿಯಾವನ್ನು ಕರುಳಲ್ಲೇ ಹಿಡಿದು ಹೊರಗೆ ಹಾಕಿಸುತ್ತದೆ. ಹೀಗೆ ಗೋಡೆಗೆ ತಲೆ ಕೊಟ್ಟು ನಿಂತ ನಾಯಿಯನ್ನು ಗಾಳಿ ಸೋಕಿದೆ ಅಂತ ನಿಂಬೆಹಣ್ಣು ಇಳಿ ತೆಗೆದವರಿದ್ದಾರೆ. ಇಳಿ ತೆಗೆಯಿರಿ, ಬೇಡ ಅನ್ನಲ್ಲ, ಗಾಡಿ ಹತ್ತಿದ ಮೇಲೆ ತೆಗೆಯಿರಿ.

ಬರೀ ಲಿವರ್ ಟಾನಿಕ್‌ನಿಂದ ಏನಾಗುತ್ತದೆ? ಒಂದು ಬಾಟಲಿ ಮಾರಿದರೆ ನನಗೆ ನಾಲ್ಕು ಕಾಸು ಸಿಗುತ್ತದೆ. ನಿಮ್ಮ ನಾಯಿಗೆ ಡ್ರಿಪ್ ಹಾಕಬೇಕಾಗಿದ್ದ ಎರಡು ದಿನ ಹೋಗುತ್ತದೆ. ಅದಕ್ಕೇ ನಾನು ಕೊಡದೆ ವಾಪಸ್ ಕಳಿಸುವುದು. ಸೊಕ್ಕು ಅಂತ ಕೆಲವರು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ.

ಪಥ್ಯದ ವಿಷಯದಲ್ಲಿ ನಮ್ಮ ಮನೆಯಲ್ಲೇ ಜಗಳ ಆಯಿತು. ದೊಡ್ಡಮ್ಮನ ಪ್ರಕಾರ ಕಾಮಾಲೆಗೆ ಉಪ್ಪಿಲ್ಲ, ಎಣ್ಣೆಯಿಲ್ಲ, ಮೊಟ್ಟೆ ಮಾಂಸದ ನೆರಳೂ ಸೋಕಬಾರದು, ಮಜ್ಜಿಗೆ ಅನ್ನ ಮಾತ್ರ. ಡಾಕ್ಟರು ಹೇಳಿದ್ದು ಬೇರೆ. ತಲೆಗೆ ಅಮೋನಿಯಾ ಏರಿದ ಲಕ್ಷಣ ಇಲ್ಲದಿದ್ದರೆ ಪ್ರೋಟೀನ್ ನಿಲ್ಲಿಸಬೇಡಿ, ಲಿವರ್ ಬೆಳೆಯಲು ಅದೇ ಬೇಕು. ಬೇಯಿಸಿದ ಮೊಟ್ಟೆ, ಪನೀರ್, ಮೊಸರನ್ನ, ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕೈದು ಸಲ. ಬೀರ ಮೊದಲು ನೆಕ್ಕಿದ್ದು ಮೊಟ್ಟೆಯ ಬಿಳಿ. ದೊಡ್ಡಮ್ಮ ಆ ದಿನ ಮಾತಾಡಲಿಲ್ಲ.

ಬೆಕ್ಕಿಗಂತೂ ಪಥ್ಯ ಮಾಡಿಸಿದರೆ ಪ್ರಾಣಕ್ಕೇ ಬರುತ್ತದೆ. ನಾಯಿ ಒಂದೆರಡು ದಿನ ಉಪವಾಸ ತಡೆಯುತ್ತದೆ. ಬೆಕ್ಕು ತಿನ್ನದೇ ಇದ್ದರೆ, ಅದರಲ್ಲೂ ದಪ್ಪ ಬೆಕ್ಕು, ಮೈಯ ಕೊಬ್ಬೆಲ್ಲ ಕರಗಿ ಲಿವರ್‌ಗೆ ನುಗ್ಗುತ್ತದೆ. ಲಿವರ್ ಕೊಬ್ಬಿನಲ್ಲಿ ಮುಳುಗಿ ಕೆಲಸ ನಿಲ್ಲಿಸುತ್ತದೆ. ಅಂದ್ರೆ ಮೊದಲು ಬೇರೆ ಏನಕ್ಕೋ ಊಟ ಬಿಟ್ಟಿರುತ್ತದೆ, ಊಟ ಬಿಟ್ಟದ್ದೇ ಕಾಯಿಲೆಯಾಗುತ್ತದೆ. ನಮ್ಮ ಗಿರಾಕಿ ಒಬ್ಬರು ಟೀಚರ್, ಮನೆ ಬದಲಾಯಿಸಿದರು. ಅವರ ದಪ್ಪ ಬೆಕ್ಕು ಹೊಸ ಮನೆಯ ಮಂಚದಡಿ ಸೇರಿಕೊಂಡು ಏನೂ ಮುಟ್ಟಲಿಲ್ಲ. ಹೊಂದಿಕೊಳ್ಳುತ್ತೆ ಬಿಡಿ ಅಂತ ಎಲ್ಲರೂ ಅಂದರು. ಮೂರ್ನಾಲ್ಕು ದಿನದ ಮೇಲೆ ಕಿವಿ ಹಳದಿ. ಬೆಂಗಳೂರಿನಲ್ಲಿ ಕತ್ತಿನ ಬದಿಯಿಂದ ಅನ್ನನಾಳಕ್ಕೆ ಒಂದು ಕೊಳವೆ ಕೂರಿಸಿದರು. ಟೀಚರ್ ನಮ್ಮಲ್ಲಿಂದ 20 ಎಂಎಲ್ ಸಿರಿಂಜ್ ಒಯ್ದು, ಮಾಂಸದ ಆಹಾರ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ವಾರಗಟ್ಟಲೆ ಆ ಕೊಳವೆಯಲ್ಲೇ ಉಣಿಸಿದರು. ಈಗ ಮತ್ತೆ ದಪ್ಪಗಾಗಿದೆ. ಅಲ್ಲಿ ಔಷಧಿಗಿಂತ ಊಟವೇ ಔಷಧಿ.

ಇನ್ನು ಜ್ವರದ ಮಾತ್ರೆ. ದಯವಿಟ್ಟು ಇದೊಂದನ್ನು ಎಲ್ಲರಿಗೂ ಹೇಳಿ. ಬೆಕ್ಕಿಗೆ ಪ್ಯಾರಸಿಟಮಾಲ್ ಅರ್ಧವೂ ಇಲ್ಲ, ಕಾಲೂ ಇಲ್ಲ, ಮಕ್ಕಳ ಸಿರಪ್ಪೂ ಇಲ್ಲ. ನಮ್ಮ ಲಿವರ್ ಆ ಔಷಧಿಯನ್ನು ಪಳಗಿಸಿ ಹೊರಹಾಕುವ ಒಂದು ಮುಖ್ಯ ದಾರಿ ಬೆಕ್ಕಿನ ಲಿವರ್‌ನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ದುರ್ಬಲ. 500ರ ಒಂದು ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಲಿವರ್ ಕೆಡುವ ಮುಂಚೆ ರಕ್ತವೇ ಕೆಡುತ್ತದೆ, ಆಮ್ಲಜನಕ ಹೊರಲು ಆಗುವುದಿಲ್ಲ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರಿಗೆ ಒದ್ದಾಡುತ್ತದೆ. ಒಬ್ಬ ಹುಡುಗ ಫೋನಿನಲ್ಲಿ ಫೋಟೋ ತೋರಿಸಿ, ಬೆಳಿಗ್ಗೆ ಹಾಕಿದೆ ಅಕ್ಕಾ, ಮುಖ ಯಾಕೆ ಊದಿದೆ ಅಂತ ಕೇಳಿದ. ನಾನು ಆಟೋ ಹತ್ತಿಸಿ ಕಳಿಸಿದೆ. ಉಳಿಯಲಿಲ್ಲ. ಬೇಗ ಗೊತ್ತಾದರೆ ಅದೇ ಎನ್-ಅಸಿಟೈಲ್‌ಸಿಸ್ಟೀನ್ ಇದಕ್ಕೆ ಪ್ರತಿವಿಷ. ಆದರೆ ಗಂಟೆಗಳ ಲೆಕ್ಕ. ನಾಯಿ ಇನ್ನಷ್ಟು ತಡೆದುಕೊಳ್ಳುತ್ತದೆ, ಆದರೂ ಅದಕ್ಕೂ ನಿಮ್ಮ ಲೆಕ್ಕದಲ್ಲಿ ಕೊಡಬೇಡಿ.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ತುಮಕೂರಿನ ಹೊಸ ಬಡಾವಣೆಗಳಲ್ಲಿ ಗೇಟಿನ ಎರಡು ಬದಿ ಕುಂಡದಲ್ಲಿ ಇಡುವ ಸೈಕಸ್ ಗಿಡ ಪೂರ್ತಿ ವಿಷ, ಬೀಜವಂತೂ ಇನ್ನೂ ಜಾಸ್ತಿ. ನಾಯಿಮರಿ ಇರುವ ಮನೆಯಲ್ಲಿ ಅದು ಬೇಡ. ಸಕ್ಕರೆ ರಹಿತ ಚೂಯಿಂಗ್ ಗಮ್ ಡಬ್ಬಿಯ ಹಿಂದೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಅಂತ ಇದ್ದರೆ ನಾಯಿಗೆ ಸಿಗದಂತೆ ಇಡಿ. ಅರ್ಧ ಗಂಟೆ, ಒಂದು ಗಂಟೆಯಲ್ಲೇ ಅದರ ಸಕ್ಕರೆ ಕುಸಿಯುತ್ತದೆ, ಆಮೇಲೆ ಲಿವರ್‌ಗೆ ಹೊಡೆತ.

ಇಲಿ ಜ್ವರದ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಇಲಿ ಮೂತ್ರ ಬಿದ್ದ ನಿಂತ ನೀರಿನಿಂದ ನಾಯಿಗೆ ಬರುತ್ತದೆ. ಲಿವರ್, ಕಿಡ್ನಿ ಎರಡನ್ನೂ ಹಿಡಿಯುತ್ತದೆ. ನಾಯಿಯ ಮೂತ್ರದಿಂದ ಮನೆಯವರಿಗೂ ಬರಬಹುದು. ಬೀರನ ರಿಪೋರ್ಟ್ ಬರುವವರೆಗೆ ಡಾಕ್ಟರು ನಮ್ಮನ್ನು ಗ್ಲೌಸ್ ಇಲ್ಲದೆ ಮೂತ್ರ ತೊಳೆಯಲು ಬಿಡಲಿಲ್ಲ. ಮೊದಲೇ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಶುರು ಮಾಡಿದ್ದೂ ಅದಕ್ಕೇ. ಇದಕ್ಕೆ ಲಸಿಕೆ ಇದೆ. ವರ್ಷಕ್ಕೊಮ್ಮೆ ಹಾಕಿಸುವ ಸೆವೆನ್ ಇನ್ ಒನ್‌ನಲ್ಲಿ ಇದೂ ಸೇರಿರುತ್ತದೆ, ನಾಯಿಗೆ ವೈರಸ್‌ನಿಂದ ಬರುವ ಹೆಪಟೈಟಿಸ್ ಲಸಿಕೆಯೂ ಸೇರಿರುತ್ತದೆ. ಆ ಹೆಪಟೈಟಿಸ್ ನಾಯಿಂದ ನಾಯಿಗೆ ಹರಡುತ್ತದೆ, ನಮಗೆ ಅಂಟುವುದಿಲ್ಲ. ರೇಬಿಸ್ ಒಂದು ಹಾಕಿಸಿದ್ದೀವಲ್ಲ ಅಂತ ಬಹಳ ಜನ ಸುಮ್ಮನಾಗುತ್ತಾರೆ. ಅದು ಬೇರೆ, ಇದು ಬೇರೆ.

ಬೀರ ಈಗ ಓಡಾಡಿಕೊಂಡಿದ್ದಾನೆ. ಎಎಲ್‌ಟಿ ಇಳಿದು ಸಹಜಕ್ಕೆ ಬರಲು ವಾರಗಳೇ ಹಿಡಿದವು. ಅಷ್ಟರಲ್ಲಿ ಸಕ್ಕರೆಯೂ ಆಲ್ಬುಮಿನ್ನೂ ಸರಿಹೋಗಿದ್ದವು, ಹಾಗಾಗಿ ಇಳಿದದ್ದನ್ನು ಖುಷಿಯಿಂದ ನೋಡಿದೆವು. ಅಣ್ಣ ಈಗ ಕೆಟ್ಟ ಕಾಯಿಯನ್ನು ಕಣದಲ್ಲಿ ಬಿಡುವುದಿಲ್ಲ, ಗುಂಡಿ ತೋಡಿ ಹೂಳುತ್ತಾನೆ. ಹಿಂಡಿಗೂ ಕೊಡುವುದಿಲ್ಲ. ಬಿಸಿಲಿಗೆ ಹರಡಿದ ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಅಂದಮೇಲೇ ಮೂಟೆಗೆ ತುಂಬುತ್ತಾನೆ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ ಇಡುತ್ತಾನೆ. ಅಕ್ಕಪಕ್ಕದವರಿಗೆ ಹೇಳಿದರೆ ನಾಯಿಗೋಸ್ಕರ ಇಷ್ಟೆಲ್ಲಾನಾ ಅಂತಾರಂತೆ. ಆ ಕಾಯಿಯನ್ನೇ ಮನೆಮಕ್ಕಳೂ ಸುಟ್ಟು ತಿನ್ನುತ್ತವೆ ಅಲ್ವಾ?

ನಿಮ್ಮ ನಾಯಿಯೋ ಬೆಕ್ಕೋ ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಮೊದಲು ಕಿವಿ ಮಗುಚಿ ನೋಡಿ. ಹಳದಿ ಇಲ್ಲದಿದ್ದರೂ ಮರುದಿನ ಪಶು ಆಸ್ಪತ್ರೆಗೆ ಹೋಗಿ, ಹಳದಿ ಇದ್ದರೆ ಅದೇ ದಿನ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಪಶುಪಾಲನಾ ಇಲಾಖೆಯ 1962ಕ್ಕೆ ಫೋನ್ ಮಾಡಿ ಕೇಳಬಹುದು. ಹೋಗುವಾಗ ವಾಂತಿಯ ಫೋಟೋ, ಮೂತ್ರದ ಫೋಟೋ ಇದ್ದರೆ ಒಳ್ಳೇದು. ತಿಂದಿರಬಹುದು ಅನ್ನಿಸುವ ಗಿಡದ ಎಲೆ, ಕಾಳು, ಫುಡ್ ಪ್ಯಾಕೆಟ್ ಏನಿದ್ದರೂ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಮಾತ್ರೆ ಹಾಕಿದ್ದರೆ ಖಾಲಿ ಸ್ಟ್ರಿಪ್ ತಗೊಂಡು ಹೋಗಿ. ಡಾಕ್ಟರು ಬೈತಾರೆ ಅಂತ ಮುಚ್ಚಿಡಬೇಡಿ. ಎಷ್ಟು ಹಾಕಿದ್ದು, ಎಷ್ಟು ಹೊತ್ತಿಗೆ ಹಾಕಿದ್ದು, ಅದನ್ನೇ ಅವರು ಮೊದಲು ಕೇಳುವುದು.